ಕಾಲೇಜಿನ ತರುಣರೂ ಚಿಕ್ಕ ಕಂಪೆನಿಗಳೂ

ಮಗನಾಗಲಿ ಮಗಳಾಗಲಿ ಕಾಲೇಜಿನ ಕೊನೆಯ ವರ್ಷಕ್ಕೆ ಕಾಲಿಟ್ಟರೆಂದರೆ ಮನೆಯ ಮಾತೆಲ್ಲ ಒಂದೇ ಕಡೆಗೆ ತಿರುಗುವುದು. ಈ ಸಲ ಯಾವ ಯಾವ ಕಂಪೆನಿಗಳು ಬರುವುವು, ಎಷ್ಟು ಮಂದಿಯನ್ನು ಆರಿಸಿಕೊಳ್ಳುವುವು, ಸಂಬಳವೆಷ್ಟು ಎಂದು ತಂದೆಯು ವಿಚಾರಿಸುವನು. ನೆರೆಮನೆಯವರ ಹುಡುಗನಿಗೆ ಆಗಲೇ ಕೆಲಸ ಗೊತ್ತಾಯಿತಂತೆ ಎಂದು ತಾಯಿಯು ನಿಟ್ಟುಸಿರು ಬಿಡುವಳು. ಅದೇ ಊರಿನಲ್ಲಿ, ಒಮ್ಮೊಮ್ಮೆ ಅದೇ ಬೀದಿಯಲ್ಲಿ, ಇಪ್ಪತ್ತು ಮೂವತ್ತು ಜನರನ್ನಿಟ್ಟುಕೊಂಡು ಯಂತ್ರಶಾಲೆಯನ್ನೋ, ಲೆಕ್ಕಪತ್ರದ ಕಚೇರಿಯನ್ನೋ, ಸಾಫ್ಟ್‌ವೇರ್ ಉದ್ಯಮವನ್ನೋ ನಡೆಸುವ ಗೃಹಸ್ಥನು, "ಓದಿದ ಹುಡುಗರು ನಮ್ಮ ಕಡೆಗೆ ಮುಖವನ್ನೇ ಹಾಕುವುದಿಲ್ಲ, ದೊಡ್ಡವರಂತೆ ಹಣ ಚೆಲ್ಲಲು ನಮ್ಮಿಂದಾದೀತೇ?" ಎಂದು ಕೊರಗುವನು. ಕೆಲಸ ಬೇಕೆನ್ನುವವರೂ ಕೆಲಸಗಾರರು ಬೇಕೆನ್ನುವವರೂ ಹೀಗೆ ಒಬ್ಬರಿಗೊಬ್ಬರು ಕಾಣದೆ ಇರುವುದು ಎರಡು ಕಡೆಗೂ ನಷ್ಟ. ನಮ್ಮ ವಾಚಕರಲ್ಲಿ ಈ ಎರಡು ಪಂಗಡದವರೂ ಇರುವುದರಿಂದ ಈ ತಿಂಗಳು ನಾವು ಇದೇ ವಿಷಯವನ್ನು ಎತ್ತಿಕೊಂಡಿರುವೆವು.

ಮೊದಲು ಕಾಲೇಜುಗಳಲ್ಲಿ ನಡೆಯುವ ಆಯ್ಕೆಯ ಕ್ರಮವನ್ನು ತಿಳಿಯಬೇಕು. ಪ್ಲೇಸ್‌ಮೆಂಟ್ ಎಂದು ಎಲ್ಲರ ಬಾಯಲ್ಲಿಯೂ ಇರುವ ಈ ಏರ್ಪಾಡಿನಲ್ಲಿ, ಹೆಚ್ಚು ಸಂಬಳ ಕೊಡುವ ಅಥವಾ ಹೆಚ್ಚು ಮಂದಿಯನ್ನು ತೆಗೆದುಕೊಳ್ಳುವ ಕಂಪೆನಿಗಳಿಗೆ ಸಾಮಾನ್ಯವಾಗಿ ಮೊದಲ ದಿನಗಳು ಸಲ್ಲುವುವು. ಒಂದು ಕೆಲಸ ದೊರೆತ ವಿದ್ಯಾರ್ಥಿಯು ಮತ್ತೊಂದಕ್ಕೆ ಕುಳಿತುಕೊಳ್ಳಬಾರದೆಂಬ, ಇಲ್ಲವೆ ಹೆಚ್ಚಿನ ಸಂಬಳದ ಕೆಲಸಕ್ಕೆ ಮಾತ್ರ ಕುಳಿತುಕೊಳ್ಳಬಹುದೆಂಬ ನಿಯಮವೂ ಅನೇಕ ಕಾಲೇಜುಗಳಲ್ಲಿ ಉಂಟು. ಆದುದರಿಂದ ಇಬ್ಬರನ್ನೋ ಮೂವರನ್ನೋ ಹುಡುಕಿಕೊಂಡು ಬರುವ ಚಿಕ್ಕ ಕಂಪೆನಿಯ ಸರದಿ ಬರುವ ಹೊತ್ತಿಗೆ ಪಂಕ್ತಿಯ ಊಟವೆಲ್ಲ ಮುಗಿದು ಎಲೆ ಎತ್ತಿರುವುದು. ಇನ್ನೊಂದು ಕಡೆ, ತಾಲ್ಲೂಕು ಊರುಗಳ ಕಾಲೇಜುಗಳಿಗೆ ದೊಡ್ಡ ಕಂಪೆನಿಗಳವರು ಬರುವುದೇ ಅಪರೂಪ. ಅಲ್ಲಿ ಬಿ.ಕಾಂ., ಬಿ.ಎಸ್‌ಸಿ. ಓದುವ ಜಾಣ ಮಕ್ಕಳು ಯಾರ ಕಣ್ಣಿಗೂ ಬೀಳದೆ ಪದವಿಯ ಕಾಗದವನ್ನು ಹಿಡಿದು ಬೆಂಗಳೂರಿನ ಬಸ್ಸು ಹತ್ತುವರು.

ಚಿಕ್ಕ ಕಂಪೆನಿಗಳು ಮಾಡುವ ತಪ್ಪೇನೆಂದರೆ, ಸೋಲುವುದು ಖಂಡಿತವಾಗಿರುವ ಈ ಪಂದ್ಯದಲ್ಲಿಯೇ ದೊಡ್ಡವರೊಡನೆ ಓಡಲು ಯತ್ನಿಸುವುದು. ಉದ್ಯೋಗಮೇಳದಲ್ಲಿ ಮಳಿಗೆ ಹಿಡಿದು, ಬಣ್ಣದ ಫಲಕ ಕಟ್ಟಿ, ಆಯ್ಕೆಯ ದಲ್ಲಾಳಿಗಳಿಗೆ ದ್ರವ್ಯ ತೆತ್ತು, ಕೊನೆಗೆ ಸಿಕ್ಕಿದವನು ಆರು ತಿಂಗಳಿಗೆ ಬಿಟ್ಟುಹೋದನೆಂದು ಪೇಚಾಡುವರು. ತಮ್ಮ ಊರಿನಲ್ಲಿಯೇ ಇರುವ ಕಾಲೇಜಿಗೆ ಒಮ್ಮೆಯೂ ಹೋಗಿರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿ ಚೆನ್ನಾಗಿ ಒಪ್ಪುವುದು. ನಮ್ಮ ಅಭಿಪ್ರಾಯವೇನೆಂದರೆ, ಕಾಲೇಜಿನ ತರುಣರನ್ನು ಸೆಳೆಯಲು ಚಿಕ್ಕ ಕಂಪೆನಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದುವು ಮೂರು: ಅವರ ಕೈಗೆ ಕೊಡಲು ನಿಜವಾದ ಒಂದು ಕೆಲಸ, ಅದನ್ನು ಕಲಿಸಲು ಹಿರಿಯನೊಬ್ಬನ ಹೊತ್ತು, ಮತ್ತು ಮರೆಮಾಚದ ಮಾತು. ಆದರೆ ಇದರೊಡನೆಯೇ ಹೇಳಬೇಕಾದ ಎಚ್ಚರಿಕೆಯೊಂದುಂಟು. ಕಂಪೆನಿಗೆ ಉಳಿದ ವೆಚ್ಚವು ವಿದ್ಯಾರ್ಥಿಯ ಮನೆಯವರ ತಲೆಯ ಮೇಲೆ ಬೀಳುವುದಾದರೆ ಅದು ಮಿತವ್ಯಯವಲ್ಲ. ಅದರ ವಿಚಾರವನ್ನು ಮುಂದೆ ಬರೆಯುವೆವು.

ಕೆಲಸದ ಮೂಲಕವೇ ಕೆಲಸಗಾರನನ್ನು ಆರಿಸುವ ಪದ್ಧತಿಯು ಹೊಸದಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು ೧೯೦೬ರಲ್ಲಿ ೨೭ ಮಂದಿ ವಿದ್ಯಾರ್ಥಿಗಳೊಡನೆ ಇದನ್ನು ಆರಂಭಿಸಿದರು. ಎಂಜಿನಿಯರಿಂಗ್ ಓದುವ ಹುಡುಗನು ಒಂದು ವಾರ ತರಗತಿಯಲ್ಲಿ ಕುಳಿತರೆ ಮರುವಾರ ಕಾರ್ಖಾನೆಯಲ್ಲಿ ಕೂಲಿ ಪಡೆದು ದುಡಿಯುವನು. ಇಬ್ಬಿಬ್ಬರು ಸರದಿಯಂತೆ ಬದಲಾಗುವುದರಿಂದ ಕಾರ್ಖಾನೆಯ ಕೆಲಸವೂ ನಿಲ್ಲುವುದಿಲ್ಲ. ಪದವಿ ಮುಗಿಯುವ ವೇಳೆಗೆ ಯಜಮಾನನು ಹುಡುಗನನ್ನು ಬಲ್ಲನು, ಹುಡುಗನು ಯಜಮಾನನನ್ನು ಬಲ್ಲನು. ಆಯ್ಕೆಗಾಗಿ ಪ್ರತ್ಯೇಕವಾದ ಖರ್ಚೇ ಬೇಕಾಗಲಿಲ್ಲ. ಕೆನಡಾ ದೇಶದ ವಾಟರ್ಲೂ ವಿಶ್ವವಿದ್ಯಾಲಯವು ೧೯೫೭ರಲ್ಲಿ ಹುಟ್ಟಿದಾಗಲೇ ಈ ಕ್ರಮವನ್ನು ಕೈಕೊಂಡಿತು. ನಮ್ಮ ದೇಶದಲ್ಲಿ ಪಿಲಾನಿಯ ಬಿರ್ಲಾ ವಿದ್ಯಾಸಂಸ್ಥೆಯು ೧೯೭೩ರಲ್ಲಿ ಪ್ರಾಕ್ಟೀಸ್ ಸ್ಕೂಲ್ ಎಂಬ ಹೆಸರಿನಿಂದ ವಿದ್ಯಾರ್ಥಿಗಳನ್ನು ಕಾರ್ಖಾನೆಗಳಿಗೆ ಕಳುಹಿಸುವುದನ್ನು ಪಾಠಕ್ರಮದ ಅಂಗವಾಗಿಯೇ ಮಾಡಿತು.

ಕರ್ನಾಟಕದಲ್ಲಿಯೂ ಇದಕ್ಕೆ ಈಗ ಅನುಕೂಲವಾದ ಕಾಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಕ್ರಮದಲ್ಲಿ ಇಂಟರ್ನ್‌ಷಿಪ್ ಎಂಬ ಕಾರ್ಯಾನುಭವವು ಕಡ್ಡಾಯವಾಗಿದೆ. ಸಾವಿರಾರು ಮಕ್ಕಳು ಒಂದೇ ಕಾಲದಲ್ಲಿ ಸ್ಥಳಕ್ಕಾಗಿ ಅಲೆಯುವುದರಿಂದ, ಎಲ್ಲಿಯೂ ಸಿಕ್ಕದವರು ಹಣ ತೆತ್ತು ಹೆಸರಿಗೊಂದು ಪ್ರಮಾಣಪತ್ರವನ್ನು ಪಡೆಯುವುದೂ ಉಂಟು. ಇಂಥ ಸಮಯದಲ್ಲಿ ಚಿಕ್ಕ ಕಂಪೆನಿಯೊಂದು ನಾಲ್ಕು ಮಂದಿಗೆ ಬಾಗಿಲು ತೆರೆದು, ಬಸ್ಸಿನ ಖರ್ಚಿಗೂ ಊಟಕ್ಕೂ ಸಾಲುವಷ್ಟು ಕೊಟ್ಟು, ನಿಜವಾಗಿ ಕೆಲಸ ಕಲಿಸಿದರೆ, ಆ ನಾಲ್ವರ ಬಾಯಿಂದ ನಲವತ್ತು ಮಂದಿಗೆ ಸುದ್ದಿ ಮುಟ್ಟುವುದು. ಇದಕ್ಕಿಂತ ಅಗ್ಗವಾದ ಜಾಹೀರಾತು ನಮಗೆ ತಿಳಿಯದು.

ಎರಡನೆಯ ಉಪಾಯವೆಂದರೆ ಕೊನೆಯ ವರ್ಷದ ಪ್ರಾಜೆಕ್ಟ್. ಪ್ರತಿಯೊಂದು ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಮೂವರು ನಾಲ್ವರು ಸೇರಿ ಒಂದು ವಿಷಯವನ್ನು ಹಿಡಿದು ಕೆಲವು ತಿಂಗಳು ದುಡಿಯಬೇಕು. ಒಳ್ಳೆಯ ವಿಷಯ ಸಿಕ್ಕದೆ ಹಿಂದಿನ ವರ್ಷದವರು ಮಾಡಿದುದನ್ನೇ ಹೆಸರು ಬದಲಿಸಿ ಮಾಡುವವರಿಗೆ ಕೊರತೆಯಿಲ್ಲ. ಅತ್ತ ಚಿಕ್ಕ ಕಾರ್ಖಾನೆಗಳಲ್ಲಿಯೋ, ಬಿಡಿಸಲು ಪುರುಸೊತ್ತಿಲ್ಲದ ತೊಡಕುಗಳು ರಾಶಿಯಾಗಿ ಬಿದ್ದಿರುವುವು. ಒಂದು ಉದಾಹರಣೆಯನ್ನು ಕೊಡೋಣ. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ ಎರಕದೊಳಗೆ ಗುಳ್ಳೆಗಳೆದ್ದು ಮಾಲು ತಿರಸ್ಕೃತವಾಗುತ್ತಿದೆಯೆಂದು ಭಾವಿಸೋಣ. ಅಚ್ಚಿನ ಮರಳಿನಲ್ಲಿ ತೇವ ಹೆಚ್ಚಾಗುವುದು ಇದಕ್ಕಿರುವ ಕಾರಣಗಳಲ್ಲೊಂದು. ಇಬ್ಬರು ವಿದ್ಯಾರ್ಥಿಗಳು ಎರಡು ತಿಂಗಳು ದಿನವೂ ಮರಳಿನ ತೇವವನ್ನು ಅಳೆದು, ಅಂದಂದು ಕೆಟ್ಟ ಎರಕಗಳ ಲೆಕ್ಕವನ್ನು ಎದುರಿಗೆ ಬರೆದಿಟ್ಟರೆ, ಯಜಮಾನನಿಗೆ ತನ್ನ ನಷ್ಟದ ಮೂಲವು ತಿಳಿಯುವುದು. ಮಕ್ಕಳಿಗೆ ಪುಸ್ತಕದ ವಿದ್ಯೆಗೆ ಜೀವ ಬರುವುದು. ಅವರಲ್ಲಿ ಯಾರು ಬೆಳಗಿನ ಪಾಳಿಗೆ ತಪ್ಪದೆ ಬಂದರು, ಯಾರು ಬಾರದ ದಿನದ ಅಂಕಿಯನ್ನು ಊಹಿಸಿ ಬರೆದರು ಎಂಬುದೂ ತಾನಾಗಿಯೇ ಗೊತ್ತಾಗುವುದು. ಬಿ.ಕಾಂ. ವಿದ್ಯಾರ್ಥಿಗಳಿಗೆ ಗೋದಾಮಿನ ದಾಸ್ತಾನಿನ ಲೆಕ್ಕವನ್ನೂ, ಕನ್ನಡ ಐಚ್ಛಿಕವಾಗಿ ಓದುವವರಿಗೆ ಯಂತ್ರ ನಡೆಸುವ ಸೂಚನೆಗಳನ್ನು ತಿಳಿಗನ್ನಡದಲ್ಲಿ ಬರೆಯುವುದನ್ನೂ ಹೀಗೆಯೇ ಒಪ್ಪಿಸಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ೧೯೭೦ರ ದಶಕದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಆರಿಸಿ ಧನಸಹಾಯ ಮಾಡುತ್ತ ಬಂದಿದೆ. ಕಾಲೇಜಿನ ಅಧ್ಯಾಪಕರ ಮೂಲಕ ಆ ಸಹಾಯಕ್ಕೆ ಅರ್ಜಿ ಹಾಕಿಸಬಹುದು.

ಮೂರನೆಯದು ಸರ್ಕಾರದ ನೆರವಿನಿಂದ ನಡೆಯುವ ಅಪ್ರೆಂಟಿಸ್ ಪದ್ಧತಿ. ಇದರ ಶಾಸನವು ೧೯೬೧ರದು. ೧೯೭೩ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ, ೨೦೧೪ರ ತಿದ್ದುಪಡಿಯಿಂದ ಇತರ ಪದವೀಧರರೂ ಇದರೊಳಗೆ ಸೇರಿದರು. ೨೦೧೯ರ ನಿಯಮಗಳ ಮೇರೆಗೆ ೩೦ ಅಥವಾ ಅದಕ್ಕೂ ಹೆಚ್ಚು ಮಂದಿಯಿರುವ ಸಂಸ್ಥೆಗೆ ಇದು ಕಡ್ಡಾಯವಾಯಿತು; ನಾಲ್ವರಿಂದ ೨೯ ಮಂದಿಯವರೆಗೆ ಇರುವಲ್ಲಿ ಇಷ್ಟವಿದ್ದರೆ ತೆಗೆದುಕೊಳ್ಳಬಹುದೆಂದಾಯಿತು. ಆ ವರ್ಷ ಪದವೀಧರನಿಗೆ ತಿಂಗಳಿಗೆ ಕನಿಷ್ಠ ೯,೦೦೦ ರೂಪಾಯಿ, ಡಿಪ್ಲೊಮಾದವನಿಗೆ ೮,೦೦೦ ರೂಪಾಯಿ ಎಂದು ಗೊತ್ತುಮಾಡಿದರು. ರಾಷ್ಟ್ರೀಯ ಯೋಜನೆಯಲ್ಲಿ ಸೇರಿದವರಿಗೆ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವು ಭರಿಸುವುದು. ಎಂದರೆ ಆ ದರದಲ್ಲಿ ಒಬ್ಬ ಪದವೀಧರನಿಗೆ ವರ್ಷಕ್ಕೆ ಸಲ್ಲುವ ೧,೦೮,೦೦೦ ರೂಪಾಯಿಯಲ್ಲಿ ಕಂಪೆನಿಯ ಪಾಲು ೫೪,೦೦೦ ಮಾತ್ರ. ಇದು ಕೆಳಗಿನ ಮಿತಿಯೇ ಹೊರತು ಮೇಲಿನದಲ್ಲ. ಶಕ್ತಿಯಿದ್ದವರು ಹೆಚ್ಚಾಗಿ ಕೊಡುವುದನ್ನು ಯಾರೂ ತಡೆಯುವುದಿಲ್ಲ. ದಕ್ಷಿಣ ಭಾರತಕ್ಕೆ ಈ ಯೋಜನೆಯ ಮಂಡಲಿಯು ಚೆನ್ನೈಯಲ್ಲಿರುವುದು. ವರ್ಷ ಮುಗಿದ ಬಳಿಕ, ಕರಾರಿನಲ್ಲಿ ಹಾಗೆಂದು ಬರೆದಿರದಿದ್ದರೆ, ಕಂಪೆನಿಯು ಕೆಲಸ ಕೊಡಲೇಬೇಕೆಂದಾಗಲಿ ಅಭ್ಯರ್ಥಿಯು ಒಪ್ಪಲೇಬೇಕೆಂದಾಗಲಿ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಒಂದು ವರ್ಷ ನೋಡಿದ ಮೇಲೆ ಮನಸ್ಸೊಪ್ಪಿ ಕೂಡುವುದಕ್ಕೆ ಇದರಿಂದ ಅವಕಾಶವಾಗುವುದು.

ಬುದ್ಧಿಗೆ ಸವಾಲೊಡ್ಡಿ ಕರೆಯುವ ವಿನೋದದ ಉಪಾಯಗಳೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರ ಜನವರಿಯಲ್ಲಿ, ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯು ತನ್ನ ಪದಬಂಧವನ್ನು ೧೨ ನಿಮಿಷಗಳೊಳಗೆ ಬಿಡಿಸುವ ಸ್ಪರ್ಧೆಯನ್ನು ಏರ್ಪಡಿಸಿತು. ಅದರಲ್ಲಿ ಭಾಗವಹಿಸಿದವರಲ್ಲಿ ಕೆಲವರಿಗೆ ಅನಂತರ ಸರ್ಕಾರದಿಂದ ಗುಟ್ಟಾಗಿ ಕಾಗದ ಬಂದು, ಶತ್ರುವಿನ ಸಂಕೇತಲಿಪಿಯನ್ನು ಒಡೆಯುವ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸ ದೊರೆಯಿತು. ೨೦೦೪ರಲ್ಲಿ ಗೂಗಲ್ ಕಂಪೆನಿಯು ಅಮೆರಿಕದ ಹೆದ್ದಾರಿಯ ಬದಿಯಲ್ಲಿ ತನ್ನ ಹೆಸರನ್ನೇ ಹಾಕದೆ ಒಂದು ಗಣಿತದ ಸಮಸ್ಯೆಯನ್ನು ಬರೆಸಿತ್ತು. 'ಇ' ಎಂಬ ಪ್ರಸಿದ್ಧ ಸಂಖ್ಯೆಯ ಅಂಕಿಗಳ ಸಾಲಿನಲ್ಲಿ ಮೊದಲು ಸಿಕ್ಕುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆಯನ್ನು ಕಂಡುಹಿಡಿದವರಿಗೆ ಮತ್ತೊಂದು ಸಮಸ್ಯೆ ಎದುರಾಗುತ್ತಿತ್ತು, ಅದನ್ನೂ ಗೆದ್ದವರಿಗೆ ಅರ್ಜಿ ಹಾಕಿರೆಂಬ ಕರೆ ಕಾಣುತ್ತಿತ್ತು. ಹೆದ್ದಾರಿಯ ಫಲಕಕ್ಕೆ ಹಣ ಬೇಕು. ಕಾಲೇಜಿನ ಸೂಚನೆಯ ಹಲಗೆಗೆ ಬೇಡ. ತನ್ನ ಉದ್ಯಮಕ್ಕೆ ಸಂಬಂಧಪಟ್ಟ ಸಣ್ಣ ಸಮಸ್ಯೆಯೊಂದನ್ನು ತಿಂಗಳಿಗೊಮ್ಮೆ ಅಲ್ಲಿ ಅಂಟಿಸಿ, ಒಳ್ಳೆಯ ಉತ್ತರ ಬರೆದವರನ್ನು ಕಾರ್ಖಾನೆ ನೋಡಲು ಕರೆಯುವುದು ಯಾರಿಗಾದರೂ ಸಾಧ್ಯ. ಆದರೆ ಒಗಟು ಬಿಡಿಸುವ ಚುರುಕೊಂದೇ ಕೆಲಸದ ಯೋಗ್ಯತೆಯಲ್ಲವೆಂಬುದನ್ನು ಮರೆಯಬಾರದು. ಒಗಟು ಪರಿಚಯಕ್ಕೆ ದಾರಿ, ಆಯ್ಕೆಗೆ ಅಳತೆಗೋಲಲ್ಲ.

ಅಳತೆಗೋಲಿನ ವಿಚಾರದಲ್ಲಿ ವಿದ್ವಾಂಸರು ಹೇಳುವುದನ್ನೂ ಕೇಳಬೇಕು. ಷ್ಮಿಟ್ ಮತ್ತು ಹಂಟರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೮೫ ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ೧೯೯೮ರಲ್ಲಿ ಪ್ರಕಟಿಸಿದರು. ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವುದೂ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಒಂದೇ ಕ್ರಮದಲ್ಲಿ ಕೇಳಿ ಅಂಕ ಹಾಕುವುದೂ, ಬಾಯಿಗೆ ಬಂದುದನ್ನು ಕೇಳುವ ಸಂದರ್ಶನಕ್ಕಿಂತ ಹೆಚ್ಚು ನಂಬತಕ್ಕವೆಂದು ಅವರು ಕಂಡರು. ೨೦೨೨ರಲ್ಲಿ ಸ್ಯಾಕೆಟ್ ಮತ್ತು ಅವರ ಜೊತೆಯವರು ಆ ಲೆಕ್ಕಗಳನ್ನು ತಿದ್ದಿ ಹಲವು ಅಂಕಿಗಳನ್ನು ಇಳಿಸಿದರೂ ಈ ತಾರತಮ್ಯವು ಹಾಗೆಯೇ ಉಳಿಯಿತು. ಯಜಮಾನನು ಒಂದು ಸಂಜೆ ಕುಳಿತು ಹತ್ತು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದಕ್ಕೆ ಕಾಗದದ ಖರ್ಚಲ್ಲದೆ ಮತ್ತೇನೂ ತಗಲದು. ಇದರಿಂದ ಮತ್ತೊಂದು ಪ್ರಯೋಜನವೂ ಉಂಟು. ಇಂಗ್ಲಿಷನ್ನು ತಡವರಿಸಿ ಮಾತನಾಡುವ, ಆದರೆ ಕೈಗೆಲಸದಲ್ಲಿ ಗಟ್ಟಿಗಳಾದ ಹಳ್ಳಿಯ ಹುಡುಗಿಗೂ ನ್ಯಾಯ ಸಿಕ್ಕುವುದು.

ಇನ್ನು ಮರೆಮಾಚದ ಮಾತಿನ ವಿಚಾರ. ಜಾನ್ ವಾನಸ್ ಎಂಬುವರು ೧೯೭೩ರಲ್ಲಿ ಟೆಲಿಫೋನ್ ಕಂಪೆನಿಗೆ ಸೇರಲು ಬಂದ ಹೆಂಗಸರಲ್ಲಿ ಕೆಲವರಿಗೆ ಕೆಲಸದ ಸಿಹಿಯನ್ನೇ ತೋರಿಸುವ ಚಿತ್ರವನ್ನೂ, ಕೆಲವರಿಗೆ ಸಿಹಿಕಹಿಗಳೆರಡನ್ನೂ ತೋರಿಸುವ ಚಿತ್ರವನ್ನೂ ಪ್ರದರ್ಶಿಸಿದರು. ಕಹಿಯನ್ನು ನೋಡಿದವರು ಹೆದರಿ ಓಡಿಹೋಗಲಿಲ್ಲ. ಸೇರಿದ ಮೇಲೆ ಕೆಲಸ ಬಿಡುವ ಯೋಚನೆಯೂ ಅವರಲ್ಲಿ ಕಡಿಮೆಯಾಗಿತ್ತು. ಆದುದರಿಂದ ಚಿಕ್ಕ ಕಂಪೆನಿಯು ತನ್ನ ಸೂಚನಾಪತ್ರದಲ್ಲಿ ಸಂಬಳ, ಹಿಡಿತಗಳು ಹೋಗಿ ಕೈಗೆ ಬರುವ ಮೊತ್ತ, ಪಾಳಿಯ ಹೊತ್ತು, ಮೊದಲ ವರ್ಷ ಮಾಡಬೇಕಾದ ಬೇಸರದ ಕೆಲಸ, ಮೂರನೆಯ ವರ್ಷಕ್ಕೆ ಕಲಿತಿರಬಹುದಾದ ವಿದ್ಯೆ, ಇವಿಷ್ಟನ್ನೂ ತಿಳಿಯಾದ ಕನ್ನಡದಲ್ಲಿ ಬರೆಯಲಿ. ಹೆಣ್ಣುಮಕ್ಕಳನ್ನು ಕರೆಯುವವರು ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಹತ್ತಿರದಲ್ಲಿ ವಸತಿ ಎಲ್ಲಿ, ಕೆಲಸದ ಸ್ಥಳದಲ್ಲಿ ಪ್ರತ್ಯೇಕವಾದ ಶೌಚಗೃಹವಿದೆಯೇ ಎಂಬುದನ್ನೂ ಹೇಳಲಿ. ವರ್ಷಕ್ಕೊಂದು ಶನಿವಾರ ಕಾರ್ಖಾನೆಯ ಬಾಗಿಲು ತೆರೆದು ವಿದ್ಯಾರ್ಥಿಗಳನ್ನು ತಾಯಿತಂದೆಗಳೊಡನೆ ಬರಮಾಡಿಕೊಂಡು ಕಾಫಿ ಕೊಟ್ಟು ಎಲ್ಲವನ್ನೂ ತೋರಿಸುವುದು ಒಳ್ಳೆಯದು. ನಮ್ಮ ಮನೆಗಳಲ್ಲಿ ಕೆಲಸವನ್ನು ಒಪ್ಪುವ ನಿರ್ಣಯವು ಹುಡುಗ ಹುಡುಗಿಯರೊಬ್ಬರದೇ ಆಗಿರುವುದು ಕಡಿಮೆ. ಅಮ್ಮನು ಕಣ್ಣಾರೆ ನೋಡಿದ ಸ್ಥಳಕ್ಕೆ ಮಗಳನ್ನು ಕಳುಹಿಸಲು ಮನೆಯವರೆಲ್ಲ ಒಪ್ಪುವರು.

ಅಧ್ಯಾಪಕರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಮರೆಯಬಾರದು. ಮೂರನೆಯ ವರ್ಷದ ತರಗತಿಗೆ ಕಾರ್ಖಾನೆಯ ಹಿರಿಯ ಕುಶಲಿಯೊಬ್ಬನು ಹೋಗಿ ಒಂದು ಗಂಟೆ ತನ್ನ ಕಸುಬಿನ ವಿಚಾರ ಹೇಳಿದರೆ ಮಕ್ಕಳ ನೆನಪಿನಲ್ಲಿ ಕಂಪೆನಿಯ ಹೆಸರು ನಿಲ್ಲುವುದು. ಅದೇ ಕಾಲೇಜಿನಲ್ಲಿ ಓದಿ ಕಂಪೆನಿಗೆ ಸೇರಿದವರು ಹೇಳುವ ಮಾತಿಗೆ ಇನ್ನೂ ಹೆಚ್ಚಿನ ಬೆಲೆ. ಆದರೆ ಪರಿಚಯದಿಂದಲೇ ಎಲ್ಲರನ್ನೂ ಸೇರಿಸಿಕೊಳ್ಳುತ್ತ ಹೋದರೆ ಕೊನೆಗೆ ಒಂದೇ ಊರಿನವರು, ಒಂದೇ ಜಾತಿಯವರು ತುಂಬಿಕೊಂಡು ಹೊರಗಿನ ಜಾಣರಿಗೆ ಬಾಗಿಲು ಮುಚ್ಚುವುದು. ಪರಿಚಯವು ಸುದ್ದಿ ಮುಟ್ಟಿಸಲಿ. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಆಗಿರಲಿ.

ಮೇಲೆ ಹೇಳಿದ ಎಚ್ಚರಿಕೆಗೆ ಈಗ ಬರೋಣ. ಹಿಂದಿನ ಕಾಲದಲ್ಲಿ ಕಚೇರಿಗಳಲ್ಲಿ ಉಮೇದುವಾರಿ ಎಂಬುದೊಂದಿತ್ತು. ಎಂದಾದರೂ ಕೆಲಸ ಖಾಯಂ ಆದೀತೆಂಬ ಆಸೆಯಿಂದ ತರುಣರು ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿಯುತ್ತಿದ್ದರು. ಮನೆಯಲ್ಲಿ ಅನ್ನಕ್ಕಿದ್ದವನು ಮಾತ್ರ ಹಾಗೆ ಕಾಯಬಲ್ಲವನಾಗಿದ್ದನು. ಈಗ ಬಿಟ್ಟಿ ಇಂಟರ್ನ್‌ಷಿಪ್ ಎಂಬ ಹೆಸರಿನಿಂದ ಅದೇ ಪದ್ಧತಿಯು ಹಿಂದಿರುಗಿರುವುದು. ಗ್ರಾಹಕನಿಂದ ಹಣ ಬರುವ ಕೆಲಸವನ್ನು ವಿದ್ಯಾರ್ಥಿಯಿಂದ ಮಾಡಿಸಿ, ಅನುಭವವೇ ಸಂಬಳವೆನ್ನುವುದು ನ್ಯಾಯವಲ್ಲ. ತರಬೇತಿಯ ಶುಲ್ಕ, ಠೇವಣಿ, ನೋಂದಣಿಯ ಹಣ ಎಂದು ಕೇಳುವವರು ಇನ್ನೂ ಕೆಳಗಿನ ಮೆಟ್ಟಿಲಿನವರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬಂತೆ ಆ ಹಣವು ಹಿಂದಕ್ಕೆ ಬಾರದು. ಆಯ್ಕೆಯಾಯಿತೆಂದು ಕಾಗದ ಕೊಟ್ಟು ತಿಂಗಳುಗಟ್ಟಲೆ ಸೇರಿಸಿಕೊಳ್ಳದೆ ಕಾಯಿಸುವುದೂ ಇದೇ ಜಾತಿಯ ದೋಷ. ಆ ಹುಡುಗನು ಬೇರೆ ಕೆಲಸವನ್ನು ಬಿಟ್ಟಿರುವನು, ಓದಿನ ಸಾಲದ ಕಂತು ತಲೆಯ ಮೇಲಿರುವುದು. ಇಂಥ ಉಪಾಯಗಳಿಂದ ಕಂಪೆನಿಗೆ ಹಣ ಉಳಿಯುವುದು ನಿಜ. ಆದರೆ ಬಡವರ ಮಕ್ಕಳೆಲ್ಲ ಮೊದಲೇ ಜರಡಿಯಿಂದ ಕೆಳಗೆ ಬಿದ್ದಿರುತ್ತಾರೆ. ಒಳ್ಳೆಯ ಕೈಗಳನ್ನು ಹುಡುಕುವವನಿಗೆ ಇದರಿಂದ ಲಾಭವೇನು?

ಮನೆಯ ಹಿರಿಯರಿಗೆ ಒಂದೆರಡು ಮಾತು. ಮಕ್ಕಳ ಕೈಗೆ ಕಾಗದ ಬಂದಾಗ ಸಂಬಳದ ಅಂಕಿಯೊಂದನ್ನೇ ನೋಡಿ ಹಿಗ್ಗಬೇಡಿರಿ. ಸೇರುವ ದಿನಾಂಕ ಬರೆದಿದೆಯೇ? ತಿಂಗಳಿಗೆ ಕೈಗೆ ಬರುವುದೆಷ್ಟು? ಕಲಿಸುವವರು ಯಾರು? ಬಿಟ್ಟುಹೋದರೆ ದಂಡವೆಷ್ಟು? ಈ ನಾಲ್ಕನ್ನು ಕೇಳಿರಿ. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಡುವಂತೆ ಯಾರಿಗೂ ಒಪ್ಪಿಸಬೇಡಿರಿ. ತೋರಿಸಿ ಹಿಂದಕ್ಕೆ ತೆಗೆದುಕೊಳ್ಳಿರಿ. ಬಾಂಡ್ ಎಂಬ ಕರಾರಿಗೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂದು ಕೆಲವರು ಹಗುರವಾಗಿ ಹೇಳುವರು, ಅದನ್ನು ನಂಬಬಾರದು. ಮೂರು ವರ್ಷದ ಸೇವೆಗೆ ಮುಂಚೆ ಬಿಟ್ಟುಹೋದ ಅಧಿಕಾರಿಯೊಬ್ಬರು ೨ ಲಕ್ಷ ರೂಪಾಯಿ ತೆರಬೇಕೆಂಬ ಸರ್ಕಾರೀ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟು ೨೦೨೫ರ ಮೇ ತಿಂಗಳಿನಲ್ಲಿ ಎತ್ತಿಹಿಡಿಯಿತು. ಎಲ್ಲ ಬಾಂಡುಗಳೂ ಸಿಂಧುವೆಂದು ಇದರ ಅರ್ಥವಲ್ಲ. ಸಹಿ ಹಾಕುವ ಮೊದಲು ಓದಬೇಕೆಂಬುದೇ ಇದರ ಪಾಠ. ಮತ್ತೊಂದು ಮಾತು. ಊರಿನಲ್ಲಿಯೇ ಇರುವ ಚಿಕ್ಕ ಕಾರ್ಖಾನೆಯಲ್ಲಿ ಕಲಿಯುವೆನೆಂದು ಮಗನೋ ಮಗಳೋ ಹೇಳಿದರೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ದೊಡ್ಡ ಹೆಸರಿಲ್ಲವೆಂದು ಮುಖ ಸಿಂಡರಿಸಬೇಡಿರಿ. ಹೋಗಿ ನೋಡಿ ಬನ್ನಿರಿ.

ಉದ್ಯಮ ನಡೆಸುವ ವಾಚಕರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಈ ತಿಂಗಳಿನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ನಿಮಗೆ ಎಲ್ಲಕ್ಕಿಂತ ಹತ್ತಿರವಾದ ಕಾಲೇಜಿಗೆ ಹೋಗಿರಿ. ನಿಮ್ಮಲ್ಲಿ ಬಿಡಿಸಲಾಗದೆ ಉಳಿದಿರುವ ಒಂದು ತೊಡಕನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ ಅಧ್ಯಾಪಕರ ಕೈಗೆ ಕೊಡಿರಿ. ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಳ್ಳಿರಿ; ಅವರಿಗೆ ಕಲಿಸುವ ಹೊಣೆಯನ್ನು ನಿಮ್ಮ ಕೆಲಸಗಾರರಲ್ಲಿ ತಾಳ್ಮೆಯುಳ್ಳವನೊಬ್ಬನಿಗೆ ಒಪ್ಪಿಸಿರಿ; ದುಡಿದ ದಿನಕ್ಕೆ ತಕ್ಕ ಹಣವನ್ನು ತಪ್ಪದೆ ಕೊಡಿರಿ. ಕೊನೆಗೆ ಬೇಡವೆಂದು ತೋರಿದವರಿಗೂ ಕಾರಣವನ್ನು ತಿಳಿಸಿ ಎರಡು ಸಾಲಿನ ಕಾಗದ ಬರೆಯಿರಿ. ಉತ್ತರವೇ ಇಲ್ಲದೆ ಕಾಯುವುದಕ್ಕಿಂತ ಬೇಡವೆಂಬ ಮಾತೇ ಮನೆಯವರಿಗೆ ಎಷ್ಟೋ ಸಮಾಧಾನ. ಮುಂದಿನ ವರ್ಷ ನಿಮ್ಮ ಬಾಗಿಲಿಗೆ ಬರುವ ಹುಡುಗರು ಆ ಎರಡು ಸಾಲನ್ನು ಕೇಳಿ ತಿಳಿದವರಾಗಿಯೇ ಬರುವರು.